ಮೇಜಿನ ಕೆಳಗಿದ್ದ ಪಾದ

ಈ ಬರಹ ನಮ್ಮ ಅಮ್ಮನ ಎಡಗಾಲಿನ ಒಂದು ಬೆರಳಿನ ಬಗ್ಗೆ. ಹೆಬ್ಬೆರಳಿನ ಪಕ್ಕದ್ದು, ಕಾಲುಂಗುರ ಹಾಕುವ ಬೆರಳು. ಆ ಬೆರಳು ಇವತ್ತಿಗೂ ಅವಳ ಕಾಲಲ್ಲೇ ಇದೆ. ಒಬ್ಬ ಡಾಕ್ಟರು ಕುರ್ಚಿಯಿಂದ ಎದ್ದು ಬಂದು ಅವಳ ಪಾದವನ್ನು ಕೈಯಲ್ಲಿ ಹಿಡಿದು ನೋಡಿದ್ದರಿಂದ ಅದು ಉಳಿಯಿತು.

ಅಮ್ಮನಿಗೆ 63 ವರ್ಷ. ಶುಗರ್ ಬಂದು 14 ವರ್ಷವಾಯಿತು. ನಮ್ಮದು ತಿಪಟೂರು ಕಡೆಯ ಹಳ್ಳಿ. ಮನೆ ಹಿಂದೆಯೇ ತೆಂಗಿನ ತೋಟ. ಬೆಳಿಗ್ಗೆ ಎದ್ದು ಬರಿಗಾಲಲ್ಲಿ ತೋಟಕ್ಕೆ ಒಂದು ಸುತ್ತು ಹೋಗಿ ಬಿದ್ದ ಕಾಯಿ, ಗರಿ ಎತ್ತಿ ಹಾಕದಿದ್ದರೆ ಅವಳಿಗೆ ಸಮಾಧಾನವಿಲ್ಲ. ನಾನು ತುಮಕೂರಿನಲ್ಲಿ ಹೈಸ್ಕೂಲ್ ಟೀಚರ್. ಅಮ್ಮನ ಫೈಲ್, ಮಾತ್ರೆ, ಲ್ಯಾಬ್ ರಿಪೋರ್ಟು ನೋಡಿಕೊಳ್ಳುವುದು ನನ್ನ ಕೆಲಸ. ಅವಳ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಡಾಕ್ಟರುಗಳ ಹೆಸರು ಹಾಕಿಲ್ಲ.

ಐದು ವರ್ಷದ ಫೈಲ್

ಮೂರು ತಿಂಗಳಿಗೊಮ್ಮೆ ಪಟ್ಟಣದ ಕ್ಲಿನಿಕ್‌ಗೆ ಹೋಗುವುದು. ಹಿಂದಿನ ದಿನವೇ ರಕ್ತ ಕೊಟ್ಟಿರಬೇಕು. ಬೆಳಿಗ್ಗೆ ಟೋಕನ್ ತೆಗೆದುಕೊಂಡು ಬೆಂಚಿನ ಮೇಲೆ ಎರಡು ಗಂಟೆ ಕಾಯಬೇಕು. ಒಳಗೆ ಹೋದರೆ ಡಾಕ್ಟರು ರಿಪೋರ್ಟು ನೋಡುತ್ತಾರೆ. ಖಾಲಿ ಹೊಟ್ಟೆಯ ಶುಗರ್, ಊಟದ ನಂತರದ್ದು, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ. ಬಿ.ಪಿ. ಪಟ್ಟಿ ಕಟ್ಟುವುದು ನರ್ಸ್. "ಏನಾದ್ರೂ ತೊಂದ್ರೆ ಇದ್ಯಾ ಅಮ್ಮ?" "ಏನಿಲ್ಲ ಸಾರ್." ಚೀಟಿ ಬರೆದು ಕೊಡುತ್ತಾರೆ. ಅಷ್ಟೇ.

ಆ ಡಾಕ್ಟರು ಒಳ್ಳೆಯವರು. ಅಪ್ಪನಿಗೆ ರಾತ್ರಿ ಎದೆ ನೋವು ಬಂದಾಗ ಹನ್ನೊಂದು ಗಂಟೆಗೆ ಕ್ಲಿನಿಕ್ ತೆಗೆದು ನೋಡಿದವರು. ಆದರೆ ಅವರ ಬಾಗಿಲಲ್ಲಿ ಒಂದು ಬೆಳಿಗ್ಗೆಗೆ ಎಂಬತ್ತು, ತೊಂಬತ್ತು ಟೋಕನ್ ಹೋಗುತ್ತದೆ. ಒಬ್ಬೊಬ್ಬರಿಗೆ ಎಷ್ಟು ಹೊತ್ತು ಕೊಡಲಾಗುತ್ತದೆ ಹೇಳಿ? 67 ದೇಶಗಳ ಲೆಕ್ಕ ಕಲೆಹಾಕಿದ ಒಂದು ಅಧ್ಯಯನ 2017ರಲ್ಲಿ ಬಿಎಂಜೆ ಓಪನ್ ಪತ್ರಿಕೆಯಲ್ಲಿ ಬಂದಿತ್ತು. ಸಾಮಾನ್ಯ ಡಾಕ್ಟರು ಒಬ್ಬ ರೋಗಿಯನ್ನು ನೋಡುವ ಹೊತ್ತು ಸ್ವೀಡನ್‌ನಲ್ಲಿ ಸರಾಸರಿ 22.5 ನಿಮಿಷ. ಬಾಂಗ್ಲಾದೇಶದಲ್ಲಿ 48 ಸೆಕೆಂಡು. ನಮ್ಮ ದೇಶದ್ದು ಸುಮಾರು ಎರಡು ನಿಮಿಷ. ಅಮ್ಮನಿಗೆ ಸಿಗುತ್ತಿದ್ದದ್ದೂ ಹೆಚ್ಚುಕಡಿಮೆ ಅಷ್ಟೇ.

ಕೊರೊನಾ ಬಂದ ಮೇಲೆ ಅದೂ ಹೋಯಿತು. 2020ರ ಮಾರ್ಚ್ 25ರಂದು ಫೋನಿನಲ್ಲಿ, ವಿಡಿಯೋದಲ್ಲಿ ರೋಗಿಯನ್ನು ನೋಡುವುದಕ್ಕೆ ಸರ್ಕಾರ ನಿಯಮ ತಂದಿತು. ಆ ಕಾಲಕ್ಕೆ ಅದು ಬೇಕೇ ಬೇಕಿತ್ತು. ನಾನು ರಿಪೋರ್ಟಿನ ಫೋಟೋ ವಾಟ್ಸಾಪ್ ಮಾಡುತ್ತಿದ್ದೆ, ಚೀಟಿಯ ಫೋಟೋ ವಾಪಸ್ ಬರುತ್ತಿತ್ತು. ಕೊರೊನಾ ಮುಗಿದ ಮೇಲೂ ಒಂದು ವರ್ಷ ಹಾಗೇ ನಡೆಸಿದೆ. ಅಮ್ಮನಿಗೆ ಬಸ್ಸಿನ ಓಡಾಟ ತಪ್ಪಿತಲ್ಲ ಎಂದು ಖುಷಿಪಟ್ಟೆ. ಈಗ ಆ ಫೈಲ್ ತೆಗೆದರೆ ಐದು ವರ್ಷದ ಎಲ್ಲ ಅಂಕಿಯೂ ಸಾಲಾಗಿ ಇದೆ. ಪಾದದ ಬಗ್ಗೆ ಒಂದೇ ಒಂದು ಅಕ್ಷರ ಇಲ್ಲ.

ನನ್ನನ್ನು ಈಗಲೂ ಕಾಡುವ ವಿಷಯವೊಂದಿದೆ. ಆ ಕ್ಲಿನಿಕ್‌ನ ಬಾಗಿಲಲ್ಲಿ "ಚಪ್ಪಲಿ ಹೊರಗೆ ಬಿಡಿ" ಎಂದು ಬೋರ್ಡ್ ಇದೆ. ಅಂದರೆ ಹೋದಾಗಲೆಲ್ಲ ಅಮ್ಮ ಬರಿಗಾಲಲ್ಲೇ ಡಾಕ್ಟರ ಎದುರು ಕೂತಿದ್ದಳು. ಪಾದ ಅಲ್ಲೇ ಇತ್ತು, ಮೇಜಿನ ಕೆಳಗೆ, ಸೀರೆಯ ನೆರಿಗೆಯ ಹಿಂದೆ. ನಡುವೆ ಇದ್ದದ್ದು ಎರಡು ಅಡಿ ಅಗಲದ ಮೇಜು.

ಆ ಬೆಳಿಗ್ಗೆ

ದಸರಾ ರಜೆಯಲ್ಲಿ ನಾನೇ ಅಮ್ಮನನ್ನು ಕರೆದುಕೊಂಡು ಹೋದೆ. ಡಾಕ್ಟರು ಊರಲ್ಲಿರಲಿಲ್ಲ. ಅವರ ಜಾಗದಲ್ಲಿ ಹದಿನೈದು ದಿನದ ಮಟ್ಟಿಗೆ ಒಬ್ಬ ಯುವತಿ ಬಂದಿದ್ದರು. ಮೂವತ್ತು ದಾಟಿರಲಿಕ್ಕಿಲ್ಲ. ರಿಪೋರ್ಟು ನೋಡಿದರು. ಎಚ್‌ಬಿಎ1ಸಿ 8.4 ಇತ್ತು, ಹಿಂದಿನ ಸಲ 7.9. ಮಾತ್ರೆ ಜಾಸ್ತಿ ಮಾಡುತ್ತಾರೆ ಎಂದುಕೊಂಡೆ. ಅವರು ಪೆನ್ನು ಕೆಳಗಿಟ್ಟರು.

"ಬನ್ನಿ ಅಮ್ಮ, ಮಂಚದ ಮೇಲೆ ಕೂತ್ಕೊಳ್ಳಿ. ಕಾಲು ನೋಡ್ತೀನಿ."

"ಕಾಲಿಗೇನೂ ಆಗಿಲ್ಲ ಮೇಡಂ. ಶುಗರ್‌ಗೆ ಬಂದಿದ್ದು."

"ಶುಗರ್‌ಗೇ ಕಾಲು ನೋಡೋದು."

ಸ್ಟೂಲ್ ಎಳೆದುಕೊಂಡು ಅಮ್ಮನ ಕಾಲ ಬಳಿ ಕೂತರು. ಎಡಗಾಲನ್ನು ಎತ್ತಿ ತಮ್ಮ ಮೊಣಕಾಲ ಮೇಲೆ ಇಟ್ಟುಕೊಳ್ಳಲು ಹೋದರು. ಅಮ್ಮ ಸರಕ್ಕನೆ ಕಾಲು ಹಿಂದಕ್ಕೆ ಎಳೆದುಕೊಂಡಳು. "ಅಯ್ಯೋ ಬೇಡ ತಾಯಿ, ನೀವು ನನ್ನ ಕಾಲು ಮುಟ್ಟಬಾರದು!" ಕಾಲಿಗೆ ತಾಗಿದ್ದ ಡಾಕ್ಟರ ಕೈಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಇದನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. ಪುಸ್ತಕಕ್ಕೆ ಕಾಲು ತಾಗಿದರೂ ನಾವು ಹಾಗೇ ಮಾಡುತ್ತೇವೆ. ಕಾಲು ಮುಟ್ಟುವುದು ಚಿಕ್ಕವರ ಕೆಲಸ, ದೊಡ್ಡವರಿಗೆ ನಮಸ್ಕಾರ ಮಾಡುವಾಗ. ಅಮ್ಮನ ಲೆಕ್ಕದಲ್ಲಿ ಡಾಕ್ಟರು ವಯಸ್ಸಲ್ಲಿ ಎಷ್ಟೇ ಚಿಕ್ಕವರಾದರೂ ದೇವರಿಗೆ ಸಮ. ಅವರ ಕೈಗೆ ತನ್ನ ಕಾಲು ಕೊಡುವುದು ತಪ್ಪು. ಹೊಟ್ಟೆ ತೋರಿಸಲು ಹಿಂಜರಿಯದ ಹೆಂಗಸರೂ ಪಾದ ಮುಂದೆ ಚಾಚುವುದಿಲ್ಲ. ಹಾಗಾಗಿ ನಮ್ಮ ಕಡೆ ರೋಗಿ ತಾನಾಗಿ ಕಾಲು ತೋರಿಸಲಿ ಎಂದು ಕಾದರೆ ಆಗುವುದಿಲ್ಲ. ಡಾಕ್ಟರೇ ಕೈ ಚಾಚಬೇಕು.

"ನಮ್ಮಮ್ಮನ ಕಾಲೂ ನಾನೇ ನೋಡೋದು. ಕೊಡಿ," ಎಂದರು ಅವರು. ನಕ್ಕರು. ಆದರೆ ಎಳೆಯಲಿಲ್ಲ. ಅಂಗೈ ಚಾಚಿಕೊಂಡು ಸುಮ್ನೆ ಕಾದರು. ಸ್ವಲ್ಪ ಹೊತ್ತಿಗೆ ಅಮ್ಮ ತಾನೇ ಪಾದ ಇಟ್ಟಳು.

ಮೊದಲು ಅಂಗಾಲು ನೋಡಿದರು. ಹಿಮ್ಮಡಿಯ ಬಿರುಕನ್ನು ಹೆಬ್ಬೆರಳಿಂದ ಸವರಿದರು. ಪಾದದ ಮೇಲ್ಭಾಗದಲ್ಲಿ, ಆಮೇಲೆ ಪಾದದ ಗಂಟಿನ ಒಳಬದಿಯ ಮೂಳೆಯ ಹಿಂದೆ ಬೆರಳಿಟ್ಟು ನಾಡಿ ಹುಡುಕಿದರು. ಸಿಕ್ಕಿತು. "ರಕ್ತ ಚೆನ್ನಾಗಿ ಓಡ್ತಿದೆ." ಆಮೇಲೆ ಎರಡೂ ಕೈಯ ಹಿಂಬದಿಯನ್ನು ಎರಡೂ ಪಾದಗಳ ಮೇಲೆ ಒಟ್ಟಿಗೆ ಇಟ್ಟು ಬೆರಳುಗಳ ಕಡೆಗೆ ನಿಧಾನವಾಗಿ ಜಾರಿಸಿದರು. ಮಗುವಿಗೆ ಜ್ವರ ಇದೆಯೇ ಎಂದು ನೋಡುತ್ತಾರಲ್ಲ, ಹಾಗೆ. ಒಂದು ಕಡೆ ಅವರ ಕೈ ನಿಂತಿತು. ನನ್ನನ್ನು ಕರೆದು ನನ್ನ ಕೈಯನ್ನು ಅಲ್ಲಿಟ್ಟರು.

ಬಲಗಾಲು ತಣ್ಣಗಿತ್ತು. ಎಡಗಾಲಿನ ಎರಡನೇ ಬೆರಳಿನ ಬುಡ ಬಿಸಿಯಾಗಿತ್ತು.

ಪ್ರತಿ ಯುಗಾದಿಗೆ ನಾನು ಆ ಪಾದ ಮುಟ್ಟಿ ನಮಸ್ಕಾರ ಮಾಡುತ್ತೇನೆ. ಬೆರಳ ತುದಿಯಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಂಡು ಏಳುತ್ತೇನೆ. ಆ ಪಾದ ಬಿಸಿಯೋ ತಣ್ಣಗೋ ಎಂದು ಒಂದು ಸಲವೂ ನೋಡಿರಲಿಲ್ಲ.

ಥರ್ಮಾಮೀಟರ್ ಇಟ್ಟು ಅಳೆಯುವವರು, ಎರಡು ಪಾದಗಳ ಒಂದೇ ಜಾಗದ ನಡುವೆ 2.2 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಎಚ್ಚರ ಎನ್ನುತ್ತಾರೆ. ಕೈಗೆ ಅಷ್ಟು ಕರಾರುವಾಕ್ ಲೆಕ್ಕ ಗೊತ್ತಾಗುವುದಿಲ್ಲ. ಆದರೆ ಎರಡನ್ನೂ ಒಟ್ಟಿಗೆ ಮುಟ್ಟಿದರೆ ಒಂದು ಇನ್ನೊಂದರ ಹಾಗಿಲ್ಲ ಎಂಬುದು ಖಂಡಿತ ತಿಳಿಯುತ್ತದೆ.

ಮುಂದಿನದು ನನಗೆ ಮರೆಯಲಾಗದ ಭಾಗ. ಅವರು ಬ್ಯಾಗಿನಿಂದ ಪೆನ್ನಿನಂಥ ಒಂದು ಹಿಡಿಕೆ ತೆಗೆದರು. ಅದರ ತುದಿಗೆ ಮೀನು ಹಿಡಿಯುವ ದಾರದಂಥ ನೈಲಾನ್ ಎಳೆ. ಅದಕ್ಕೆ ಮೊನೊಫಿಲಮೆಂಟ್ ಎನ್ನುತ್ತಾರೆ. 10 ಗ್ರಾಂ ಭಾರ ಬಿದ್ದಾಗ ಬಾಗುವ ಹಾಗೆ ಮಾಡಿರುತ್ತಾರೆ. ಮೊದಲು ಅಮ್ಮನ ಮುಂಗೈಗೆ ಮುಟ್ಟಿಸಿ ತೋರಿಸಿದರು. "ಕಣ್ಮುಚ್ಚಿ. ಮುಟ್ಟಿದ್ದು ಗೊತ್ತಾದಾಗ ಹೂಂ ಅನ್ನಿ."

ಬಲಗಾಲಲ್ಲಿ ಹತ್ತು ಕಡೆ ಮುಟ್ಟಿಸಿದರು. ಅಮ್ಮ ಆರು ಸಲ ಹೂಂ ಅಂದಳು. ಎಡಗಾಲಿಗೆ ಬಂದರು. ಎಳೆ ಹೆಬ್ಬೆರಳ ಕೆಳಗೆ ಬಾಗಿತು. ಪಕ್ಕದಲ್ಲಿ ಬಾಗಿತು. ಮತ್ತೊಂದು ಕಡೆ. ಅಮ್ಮ ಕಣ್ಣು ಮುಚ್ಚಿಕೊಂಡು, ತಲೆ ಸ್ವಲ್ಪ ವಾಲಿಸಿಕೊಂಡು ಕಾಯುತ್ತಿದ್ದಳು. ಆಮೇಲೆ ಕೇಳಿದಳು: "ಇನ್ನೂ ಶುರು ಮಾಡಿಲ್ವಾ ಮೇಡಂ?"

ಎಡಗಾಲಿನ ಲೆಕ್ಕ ಹತ್ತರಲ್ಲಿ ಮೂರು. 128 ಹರ್ಟ್ಜ್‌ನ ಟ್ಯೂನಿಂಗ್ ಫೋರ್ಕ್ ಬಾರಿಸಿ ಹೆಬ್ಬೆರಳ ಮೂಳೆಗೆ ಇಟ್ಟರೆ ಅದರ ನಡುಕವೂ ಅವಳಿಗೆ ಗೊತ್ತಾಗಲಿಲ್ಲ. ಗೋಡೆ ಗಡಿಯಾರ ನೋಡಿದೆ. ಶುರು ಮಾಡಿ ಎಂಟು ನಿಮಿಷ ಆಗಿತ್ತು.

ಕಾಲುಂಗುರ

ಆ ಬೆರಳು ಊದಿತ್ತು. ಕಾಲುಂಗುರ ಒಳಗೆ ಹೂತು ಹೋಗಿತ್ತು. ಜಾರದಿರಲಿ ಎಂದು ಯಾವಾಗಲೋ ಉಂಗುರದ ಅಡಿಗೆ ದಾರ ಸುತ್ತಿಕೊಂಡಿದ್ದಳು. ತೋಟದ ಮಣ್ಣು, ಬಚ್ಚಲ ನೀರು ಕುಡಿದು ಆ ದಾರ ಕಪ್ಪಾಗಿ ಗಟ್ಟಿಯಾಗಿತ್ತು. ಡಾಕ್ಟರು ಬಗ್ಗಿ ಮೂಸಿ ನೋಡಿದರು. ಹೌದು, ಮೂಸಿದರು. ಅಮ್ಮನ ಕಣ್ಣಲ್ಲಿ ನೀರು ಬಂತು.

"ಇದನ್ನ ತೆಗೀಬೇಕಮ್ಮ. ಕತ್ತರಿಸದೆ ಬರಲ್ಲ."

ಗಂಡ ಇರುವ ಹೆಂಗಸು ಕಾಲುಂಗುರ ತೆಗೆಯುವುದೆಂದರೆ ಏನು ಎಂದು ಗೊತ್ತಲ್ಲ. 41 ವರ್ಷದಿಂದ ಅದು ಆ ಬೆರಳಲ್ಲಿತ್ತು. ಮದುವೆ ಮಂಟಪದಲ್ಲಿ ಅಪ್ಪ ಅವಳ ಪಾದ ಹಿಡಿದು ತೊಡಿಸಿದ್ದು. ಅಮ್ಮ "ಆಗಲ್ಲ" ಎಂದಳು. ಅಲ್ಲಿ ಡಾಕ್ಟರು ಗದರಿಸಿದ್ದರೆ ಅವಳು ಎದ್ದು ಬರುತ್ತಿದ್ದಳು, ನನಗೆ ಗೊತ್ತು. ಅವರು ಗದರಲಿಲ್ಲ. ಪಾದವನ್ನು ಮೊಣಕಾಲ ಮೇಲಿಂದ ಇಳಿಸಲೂ ಇಲ್ಲ. ಅದರ ಮೇಲೆ ಕೈ ಇಟ್ಟುಕೊಂಡೇ, "ಯಜಮಾನರಿಗೆ ಫೋನ್ ಮಾಡಿ, ಒಂದ್ಮಾತು ಕೇಳಿ" ಎಂದರು.

ಫೋನ್ ಮಾಡಿದೆ. ಅಪ್ಪ ತೋಟದಲ್ಲಿದ್ದರು. ಎಲ್ಲ ಕೇಳಿಸಿಕೊಂಡು, "ನಾನು ಗಟ್ಟಿಯಾಗಿ ಇಲ್ಲೇ ಇದೀನಲ್ಲೇ. ಉಂಗುರ ಇನ್ನೊಂದು ತರಬೋದು, ಬೆರಳು ತರಕ್ಕಾಗತ್ತಾ? ತೆಗೆಸು," ಎಂದರು.

ಬೆಳ್ಳಿ ಮೆತ್ತಗಿನ ಲೋಹ. ಸಣ್ಣ ಕಟರ್‌ಗೆ ಒಂದೇ ಸಲಕ್ಕೆ ತುಂಡಾಯಿತು. ದಾರ ಬಿಡಿಸುವಾಗ ಚರ್ಮದ ಸಿಪ್ಪೆಯೂ ಎದ್ದು ಬಂತು. ಅಡಿಯಲ್ಲಿ ಕಡಲೆಕಾಳಿನಷ್ಟು ಗಾಯ, ಅಂಚು ಬೆಳ್ಳಗೆ, ನಡುವೆ ಕೀವು. ನಾನು ಮುಖ ತಿರುಗಿಸಿದೆ. ಅಮ್ಮ ಬಗ್ಗಿ ನೋಡುತ್ತಿದ್ದಳು, ಬೇರೆ ಯಾರದೋ ಕಾಲು ನೋಡುವ ಹಾಗೆ. ಅವಳಿಗೆ ಸ್ವಲ್ಪವೂ ನೋವಿರಲಿಲ್ಲ.

ಮೊಂಡು ತುದಿಯ ಲೋಹದ ಕಡ್ಡಿಯಿಂದ ಗಾಯದ ಆಳ ನೋಡಿದರು. ಕಡ್ಡಿಗೆ ಮೂಳೆ ತಾಗಿದರೆ ಸೋಂಕು ಮೂಳೆಯವರೆಗೆ ಹೋಗಿರಬಹುದು ಎಂದು ಅರ್ಥ. ತಾಗಲಿಲ್ಲ. ಎಕ್ಸ್‌ರೇಯಲ್ಲೂ ಏನೂ ಕಾಣಲಿಲ್ಲ. ಆದರೆ ಮೂಳೆಯ ಸೋಂಕು ಶುರುವಿನಲ್ಲಿ ಎಕ್ಸ್‌ರೇಗೆ ಸಿಗದೇ ಇರಬಹುದು. ಅದಕ್ಕೇ ಮೂರು ವಾರ ಬಿಟ್ಟು ಇನ್ನೊಂದು ತೆಗೆಸಲು ಹೇಳಿದರು. ಅದೂ ಸರಿಯಿತ್ತು. ಕೀವಿನ ಪರೀಕ್ಷೆ, ಆಂಟಿಬಯಾಟಿಕ್, ತುಮಕೂರಿನಲ್ಲಿ ಸರ್ಜನ್ ಹತ್ತಿರ ಸತ್ತ ಚರ್ಮ ತೆಗೆಸುವುದು, ದಿನ ಬಿಟ್ಟು ದಿನ ಡ್ರೆಸ್ಸಿಂಗ್, ಬೆರಳಿಗೆ ಒತ್ತಡ ಬೀಳದ ಅಗಲವಾದ ಚಪ್ಪಲಿ. ಏಳು ವಾರಕ್ಕೆ ಗಾಯ ಮುಚ್ಚಿತು.

ಕೇಳಿದರೆ ಸಿಗದ ಉತ್ತರ

ಐದು ವರ್ಷ ಡಾಕ್ಟರು "ತೊಂದ್ರೆ ಇದ್ಯಾ" ಎಂದು ಕೇಳಿದ್ದು ನಿಜ. ಅಮ್ಮ "ಇಲ್ಲ" ಎಂದದ್ದೂ ನಿಜ. ಅವಳು ಸುಳ್ಳು ಹೇಳಲಿಲ್ಲ. ಶುಗರ್ ಜಾಸ್ತಿ ವರ್ಷ ಇದ್ದಾಗ ಕಾಲಿನ ನರಗಳು ಹಾಳಾಗುತ್ತವೆ. ಕೆಲವರಿಗೆ ಉರಿ, ಚುಚ್ಚು. ಕೆಲವರಿಗೆ ಏನೂ ಗೊತ್ತಾಗದ ಮರಗಟ್ಟು. ನೋವು ಹೇಳಬೇಕಾದ ನರವೇ ಸುಮ್ಮನಾದಾಗ ರೋಗಿ ಏನೆಂದು ದೂರಬೇಕು? ಇಂಥ ಕಡೆ ಪ್ರಶ್ನೆ ಕೆಲಸ ಮಾಡುವುದಿಲ್ಲ. ಎಚ್‌ಬಿಎ1ಸಿಯೂ ಹೇಳುವುದಿಲ್ಲ. ರೋಗಿಯ ಚರ್ಮಕ್ಕೆ ಗೊತ್ತಾಗದ್ದನ್ನು ಬೇರೆಯವರ ಕೈ ಕಂಡುಹಿಡಿಯಬೇಕು.

ಈ ಪಾಠ ಕಲಿತದ್ದು ನಮ್ಮ ಪಕ್ಕದಲ್ಲೇ. ಪಾಲ್ ಬ್ರಾಂಡ್ ಎಂಬ ಸರ್ಜನ್ 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದವರು. 1946ರಿಂದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಕೆಲಸ ಮಾಡಿದರು. ಕುಷ್ಠರೋಗಿಗಳ ಕೈಕಾಲಿನ ಬೆರಳು ತಾನಾಗಿ ಕೊಳೆತು ಉದುರುತ್ತದೆ ಎಂದು ಆಗ ಜನ ನಂಬಿದ್ದರು. ನೋವು ಗೊತ್ತಾಗದೆ ದಿನವೂ ಆಗುವ ಸಣ್ಣ ಪೆಟ್ಟು, ಸುಟ್ಟ ಗಾಯಗಳೇ ಬೆರಳನ್ನು ತಿನ್ನುತ್ತವೆ ಎಂದು ಅವರು ತೋರಿಸಿದರು. ಆಮೇಲೆ ಅಮೆರಿಕದ ಕಾರ್ವಿಲ್‌ನ ಕುಷ್ಠರೋಗ ಆಸ್ಪತ್ರೆಗೆ ಹೋದಾಗ ಅದೇ ತಿಳಿವಳಿಕೆಯನ್ನು ಶುಗರ್ ಇರುವವರ ಪಾದಕ್ಕೂ ತಂದರು. ಪಾದವನ್ನು ಕೈಯಿಂದ ಮುಟ್ಟಿ ಬಿಸಿ ಜಾಗ ಹುಡುಕುವುದು ಅವರ ರೂಢಿಯಾಗಿತ್ತು. ಅಮ್ಮನ ಪಾದದ ಮೇಲೆ ಜಾರಿದ ಆ ಕೈ ಯಾವ ದಾರಿಯಿಂದ ಬಂತು ಎಂದು ಇದನ್ನು ಓದಿದಾಗ ನನಗೆ ತಿಳಿಯಿತು.

ಇದು ನಮ್ಮ ಒಂದು ಕ್ಲಿನಿಕ್‌ನ ತಪ್ಪಲ್ಲ. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಓದಿದ ಅಬ್ರಹಾಂ ವರ್ಗೀಸ್ ಈಗ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದಾರೆ. ರೋಗಿಯನ್ನು ಮುಟ್ಟಿ ನೋಡುವ ವಿದ್ಯೆ ಕಳೆದುಹೋಗುತ್ತಿದೆ ಎಂದು ವರ್ಷಗಳಿಂದ ಹೇಳುತ್ತಿದ್ದಾರೆ. ಅವರೂ ಸಂಗಡಿಗರೂ 2015ರಲ್ಲಿ, ದೇಹ ಪರೀಕ್ಷೆಯಲ್ಲಿ ಎಡವಿದ್ದರಿಂದ ತೊಂದರೆಯಾದ 208 ಪ್ರಕರಣಗಳನ್ನು ಡಾಕ್ಟರುಗಳಿಂದಲೇ ಕೇಳಿ ತೆಗೆದುಕೊಂಡು ಪ್ರಕಟಿಸಿದರು. ಅದರಲ್ಲಿ ಶೇಕಡಾ 63ರಲ್ಲಿ ಕಾರಣ ಒಂದೇ: ಪರೀಕ್ಷೆಯನ್ನೇ ಮಾಡಿರಲಿಲ್ಲ. ನೋಡಿಯೂ ತಪ್ಪು ತಿಳಿದದ್ದು ಅದಕ್ಕಿಂತ ಎಷ್ಟೋ ಕಡಿಮೆ. ಅಷ್ಟು ದೊಡ್ಡ ಯಂತ್ರಗಳಿರುವ ದೇಶದ ಕಥೆ ಇದು. ನಮ್ಮಲ್ಲಿ ಶುಗರ್ ಇರುವವರು 10.1 ಕೋಟಿ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಜೊತೆಗೂಡಿ ಮಾಡಿದ ಸಮೀಕ್ಷೆ 2023ರಲ್ಲಿ ಅಂದಾಜು ಕೊಟ್ಟಿತು. ಅಷ್ಟು ಜನಕ್ಕೆ ವರ್ಷಕ್ಕೊಮ್ಮೆಯಾದರೂ ಪಾದ ಪರೀಕ್ಷೆ ಆಗಬೇಕು ಎನ್ನುವುದು ವೈದ್ಯರೇ ಒಪ್ಪಿದ ಮಾತು.

ಮುಟ್ಟಿದರೆ ಸಾಕು ಎಂದು ನಾನು ಹೇಳುತ್ತಿಲ್ಲ. ಎಕ್ಸ್‌ರೇ, ಕೀವಿನ ಪರೀಕ್ಷೆ ಇಲ್ಲದೆ ಆ ಬೆರಳು ಉಳಿಯುತ್ತಿರಲಿಲ್ಲ. ಆದರೆ ಎಕ್ಸ್‌ರೇ ಬರೆದುಕೊಡಬೇಕು ಎಂದು ಗೊತ್ತಾಗಲು ಮೊದಲು ಯಾರಾದರೂ ಪಾದ ನೋಡಬೇಕಿತ್ತು, ಅಲ್ವಾ?

ಮುಟ್ಟಿದ್ದರಿಂದ ಇನ್ನೊಂದು ವಿಷಯವೂ ಹೊರಬಂತು. ಅದಕ್ಕೂ ಗಾಯಕ್ಕೂ ಸಂಬಂಧವಿಲ್ಲ. ಡಾಕ್ಟರು ಡ್ರೆಸ್ಸಿಂಗ್ ಕಟ್ಟುತ್ತಿದ್ದಾಗ ಅಮ್ಮ ತಾನಾಗಿ ಮಾತು ಶುರು ಮಾಡಿದಳು. ಒಂದು ವರ್ಷದಿಂದ ಹತ್ತಿ ಮೇಲೆ ನಡೆದ ಹಾಗಿದೆ ಎಂದಳು. ಚಪ್ಪಲಿ ಕಳಚಿಹೋದರೂ ಗೊತ್ತಾಗದೆ ಹಾಗೇ ನಡೆದುಕೊಂಡು ಬರುತ್ತೇನೆ ಎಂದಳು. ಆಮೇಲೆ ದನಿ ತಗ್ಗಿಸಿ, ರಾತ್ರಿ ಮಾತ್ರೆ ತೆಗೆದುಕೊಳ್ಳುತ್ತಿಲ್ಲ ಎಂದಳು. ಒಂದು ದಿನ ಬೆಳಗಿನ ಜಾವ ಮೈಯೆಲ್ಲ ಬೆವೆತು, ಕೈ ನಡುಗಿ, ಬಚ್ಚಲಲ್ಲಿ ಕೂತುಬಿಟ್ಟಿದ್ದಳಂತೆ. ಶುಗರ್ ತೀರಾ ಇಳಿದಿತ್ತು ಅಂತ ಕಾಣುತ್ತದೆ. ಹೆದರಿ ಮಾತ್ರೆ ಬಿಟ್ಟಿದ್ದಾಳೆ. ನಮಗೆ ಯಾರಿಗೂ ಹೇಳಿಲ್ಲ.

ಎಚ್‌ಬಿಎ1ಸಿ 8.4ಕ್ಕೆ ಏರಿದ್ದು ಯಾಕೆ ಎಂದು ಆಗ ಗೊತ್ತಾಯಿತು. ಅಂಕಿಯನ್ನಷ್ಟೇ ನೋಡಿದ್ದರೆ ಮಾತ್ರೆ ಹೆಚ್ಚಿಸುತ್ತಿದ್ದರು. ಅದನ್ನು ಅವಳು ನುಂಗಿದ್ದರೆ ಮತ್ತೆ ಶುಗರ್ ಇಳಿದು ಬೀಳುತ್ತಿದ್ದಳು. ನುಂಗದಿದ್ದರೆ ಅಂಕಿ ಇನ್ನೂ ಏರುತ್ತಿತ್ತು. ಡಾಕ್ಟರು ಮಾತ್ರೆಯನ್ನೇ ಬದಲಿಸಿದರು. ಈ ಮಾತನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ದಾರಿಯಲ್ಲಿ ಕೇಳಿದೆ. "ಕಾಲು ತೊಡೆ ಮೇಲೆ ಇಟ್ಕೊಂಡು ಕೂತಿತ್ತಲ್ಲೇ ಆ ಹುಡುಗಿ. ಅವಳ ಹತ್ರ ಇನ್ನೇನು ಮುಚ್ಚಿಡೋದು," ಎಂದಳು.

ಆಮೇಲೆ

ಹಳೆಯ ಡಾಕ್ಟರು ಊರಿಗೆ ಬಂದ ಮೇಲೆ ನಾನೇ ಹೋಗಿ ಎಲ್ಲ ಹೇಳಿದೆ. ದೂರಲು ಹೋಗಿರಲಿಲ್ಲ. ಅವರು ಫೈಲ್ ತೆಗೆದುಕೊಂಡು ಹಿಂದಿನ ಚೀಟಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಹೆಂಗಸರ ಕಾಲು ಮುಟ್ಟಿದರೆ ಏನಂದುಕೊಳ್ಳುತ್ತಾರೋ ಎಂಬ ಅಳುಕು ತನಗೆ ಮೊದಲಿಂದಲೂ ಇತ್ತು ಎಂದರು. ಅದು ಸುಳ್ಳು ನೆಪವಲ್ಲ. ಕೇಳಿ, ಹೇಳಿ, ನರ್ಸ್ ಜೊತೆಗಿದ್ದಾಗ ಮುಟ್ಟುವುದು ಬೇರೆ, ಸುಮ್ನೆ ಕೈ ಹಾಕುವುದು ಬೇರೆ. ಆ ಎಚ್ಚರ ಇರಲೇಬೇಕು.

ಈಗ ಅವರ ಕ್ಲಿನಿಕ್‌ನಲ್ಲಿ ಬಿ.ಪಿ. ನೋಡುವ ಜಾಗದಲ್ಲೇ ಒಂದು ಗಿಡ್ಡ ಸ್ಟೂಲ್ ಇದೆ. ಶುಗರ್‌ನವರು ಬಂದರೆ ನರ್ಸ್ ಪಾದ ಅದರ ಮೇಲೆ ಇರಿಸಿ, ಬೆರಳ ಸಂದು ಬಿಡಿಸಿ ನೋಡುತ್ತಾರೆ. ನೈಲಾನ್ ಎಳೆಯನ್ನೂ ತರಿಸಿದ್ದಾರೆ. ಏನಾದರೂ ಕಂಡರೆ ಡಾಕ್ಟರು ಎದ್ದು ಬರುತ್ತಾರೆ.

ಮನೆಯಲ್ಲಿ ಅಪ್ಪ ಆ ಕೆಲಸ ವಹಿಸಿಕೊಂಡಿದ್ದಾರೆ. ರಾತ್ರಿ ಊಟವಾದ ಮೇಲೆ ಅಮ್ಮ ಜಗಲಿ ಮೇಲೆ ಕಾಲು ಚಾಚಿ ಕೂರುತ್ತಾಳೆ. ಅಪ್ಪ ಟಾರ್ಚ್ ಹಿಡಿದು ಅಂಗಾಲು, ಸಂದು ನೋಡುತ್ತಾರೆ. ಕೈಯ ಹಿಂಬದಿಯಿಂದ ಎರಡೂ ಪಾದ ಮುಟ್ಟುತ್ತಾರೆ. ಮೊದಮೊದಲು ಅಮ್ಮ ನಾಚಿಕೊಂಡು "ಸಾಕು ಬಿಡ್ರೀ, ಯಾರಾದ್ರೂ ನೋಡಿದ್ರೆ" ಎನ್ನುತ್ತಿದ್ದಳು. ಈಗ ಅನ್ನುವುದಿಲ್ಲ. ತೋಟಕ್ಕೆ ಚಪ್ಪಲಿ ಹಾಕಿಕೊಂಡೇ ಹೋಗುತ್ತಾಳೆ. ಕತ್ತರಿಸಿದ ಕಾಲುಂಗುರ ದೇವರ ಗೂಡಿನಲ್ಲಿ, ಕುಂಕುಮದ ಭರಣಿಯ ಪಕ್ಕ ಇದೆ. ಮತ್ತೆ ಹಾಕಿಕೊಳ್ಳಬೇಡಿ ಎಂದಿದ್ದಾರೆ ಡಾಕ್ಟರು.

ಹೋದ ತಿಂಗಳು ತೋರಿಸಿಕೊಂಡು ಬಂದೆವು. ನರ್ಸ್ ಹೇಳುವ ಮೊದಲೇ ಅಮ್ಮ ನೆರಿಗೆ ಸ್ವಲ್ಪ ಎತ್ತಿ ಪಾದವನ್ನು ಸ್ಟೂಲ್ ಮೇಲೆ ಇಟ್ಟಳು. ಎಚ್‌ಬಿಎ1ಸಿ 7.2 ಬಂದಿದೆ. ಹೋದ ನರ ವಾಪಸ್ ಬಂದಿಲ್ಲ. ಎಡಗಾಲಲ್ಲಿ ಈಗಲೂ ಹತ್ತರಲ್ಲಿ ಮೂರು ಕಡೆ ಮಾತ್ರ ಅವಳು ಹೂಂ ಅನ್ನುತ್ತಾಳೆ. ಫೈಲ್‌ನಲ್ಲಿ ಶುಗರ್ ಅಂಕಿಯ ಪಕ್ಕದಲ್ಲೇ ಅದನ್ನೂ ಬರೆದಿದ್ದಾರೆ.